ಹೊಳಪು ಅಂಟಿನದೋ, ಉಜ್ಜಿದ ಕೈಯದೋ?

ಬನದ ಹುಣ್ಣಿಮೆಗೆ ಬಾದಾಮಿ ಬಳಿಯ ಬನಶಂಕರಿಯಲ್ಲಿ ತೇರು ಎಳೆದರೆ ಮುಂದೆ ತಿಂಗಳುಗಟ್ಟಲೆ ಜಾತ್ರೆ. ನಾಟಕ ಕಂಪನಿಗಳ ತಂಬುಗಳು, ಬಳೆಯ ಅಂಗಡಿಗಳು, ಬೆಂಡು ಬತ್ತಾಸಿನ ಸಾಲುಗಳು. ಇವುಗಳ ನಡುವೆ ಹೊಸಬರಿಗೆ ಅಚ್ಚರಿ ಹುಟ್ಟಿಸುವುದು ಮರದ ಪೇಟೆ. ಬಾಗಿಲು, ಚೌಕಟ್ಟು, ಕಿಟಕಿಗಳನ್ನು ಸಾಲಾಗಿ ನಿಲ್ಲಿಸಿ ಮಾರುತ್ತಾರೆ. ಮನೆ ಕಟ್ಟಿಸುವವರು ಸುತ್ತಲಿನ ಊರುಗಳಿಂದ ಬಂದು ಚೌಕಾಶಿ ಮಾಡಿ ಒಯ್ಯುತ್ತಾರೆ. ಹಾಗೆ ಕೊಳ್ಳುವವರು ಮೊದಲು ಮಾಡುವ ಕೆಲಸ ಒಂದೇ: ಅಂಗೈಯನ್ನು ಮರದ ಮೇಲೆ ಮೆಲ್ಲಗೆ ಆಡಿಸಿ ನೋಡುವುದು. ಕಣ್ಣಿಗಿಂತ ಮೊದಲು ಕೈ ನಂಬಬೇಕು.

ಇದೇ ಮಾತು ಬಾಗಿಲಿಗಿಂತ ಬಹಳ ಚಿಕ್ಕದಾದ ಒಂದು ವಸ್ತುವಿಗೂ ಅನ್ವಯಿಸುತ್ತದೆ. ಅದು ಕೈಯಿಂದ ಮಾಡಿದ ಮರದ ಪೆನ್ನು. ಚರಕಿಯಲ್ಲಿ ಕಡೆದು ತೆಗೆದ ಇಂಥ ಪೆನ್ನುಗಳು ಈಗ ಕಾಣಿಕೆಯ ವಸ್ತುವಾಗಿ, ಹವ್ಯಾಸಿಗಳ ಹೆಮ್ಮೆಯಾಗಿ ಅಲ್ಲಲ್ಲಿ ಕಾಣಸಿಗುತ್ತಿವೆ. ಅವುಗಳ ಮೈ ಗಾಜಿನಂತೆ ಮಿರುಗುತ್ತದೆ. ಆ ಮಿರುಗು ಬಂದದ್ದು ವಾರ್ನಿಷಿನಿಂದಲ್ಲ, ಅಂಟಿನಿಂದ. ಮುರಿದ ಚಪ್ಪಲಿ, ಒಡೆದ ಬಳೆ ಜೋಡಿಸಲು ಮನೆಮನೆಯಲ್ಲಿ ಬಳಸುವ, ಬೆರಳಿಗೆ ತಾಗಿದರೆ ಬಿಡದ ಆ ಸೂಪರ್ ಗ್ಲೂ ಅಂಟೇ ಮರಕ್ಕೆ ಕನ್ನಡಿಯ ಹೊಳಪು ಕೊಡುತ್ತದೆ ಎಂದರೆ ಹಲವರಿಗೆ ನಂಬಿಕೆ ಬರಲಿಕ್ಕಿಲ್ಲ.

ಆದರೆ ಅಂಟಿನಿಂದ ಹೊಳಪು ತರುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಅದರ ಹಿಂದೆ ಸಾವಿರ ವರ್ಷಕ್ಕೂ ಮಿಕ್ಕಿದ ಚರಿತ್ರೆ ಇದೆ.

ಮರಳುಗಲ್ಲು ಮತ್ತು ಬಳಪದ ಕಲ್ಲು

ಮರಕ್ಕೆ ತಾನಾಗಿ ಹೊಳಪು ಏಕೆ ಬರುವುದಿಲ್ಲ ಎಂಬುದನ್ನು ತಿಳಿಯಲು ಬಾದಾಮಿಯ ಬಂಡೆಗಳೇ ಸಾಕು. ಅಲ್ಲಿಯದು ಕೆಂಪು ಮರಳುಗಲ್ಲು. ಕಣಕಣವಾಗಿ ಕೂಡಿದ ಕಲ್ಲು. ಕಣಗಳ ನಡುವೆ ಸಣ್ಣ ಸಂದುಗಳು. ಬೆಳಕು ಇದರ ಮೇಲೆ ಬಿದ್ದರೆ ನೂರಾರು ದಿಕ್ಕಿಗೆ ಚದುರಿ ಹೋಗುತ್ತದೆ. ಎಷ್ಟು ಉಜ್ಜಿದರೂ ಅದು ಕನ್ನಡಿಯಾಗುವುದಿಲ್ಲ. ಆದ್ದರಿಂದಲೇ ಚಾಲುಕ್ಯ ಮಂಗಲೇಶನು ಕ್ರಿ.ಶ. 578ರಲ್ಲಿ ಪೂರೈಸಿದ ಮೂರನೆಯ ಗುಹೆಯಲ್ಲಿ ಬಣ್ಣದ ಚಿತ್ರ ಬರೆಯಬೇಕಾದಾಗ ಕಲಾವಿದರು ಕಲ್ಲಿನ ಮೇಲೆ ಮೊದಲು ಗಾರೆಯ ತೆಳು ಪದರ ಕೊಟ್ಟು, ಅದರ ಮೇಲೆ ಕುಂಚ ಆಡಿಸಿದರು. ಆ ಚಿತ್ರಗಳ ಅಳಿದುಳಿದ ಗುರುತುಗಳನ್ನು ಇಂದಿಗೂ ಅಲ್ಲಿ ಕಾಣಬಹುದು.

ಐದು ಶತಮಾನಗಳ ನಂತರ ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಶಿಲ್ಪಿಗಳು ಕಲ್ಲನ್ನೇ ಬದಲಿಸಿದರು. ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯದ ಕಂಬಗಳನ್ನು ನೋಡಿದವರಿಗೆ ಇದು ತಿಳಿಯುತ್ತದೆ. ಅದು ನುಣುಪಾದ ಬಳಪದ ಕಲ್ಲು. ಕಣಗಳು ಒತ್ತೊತ್ತಾಗಿವೆ, ಸಂದುಗಳಿಲ್ಲ. ಚರಕಿಯಲ್ಲಿ ತಿರುಗಿಸಿ ಕಡೆದು ಉಜ್ಜಿದಂತೆ ತೋರುವ ಆ ಕಂಬಗಳಲ್ಲಿ ಒಂಬತ್ತು ಶತಮಾನಗಳ ನಂತರವೂ ಹೊಳಪು ಮಾಸಿಲ್ಲ. ಅಲ್ಲಿ ಅಂಟೂ ಇಲ್ಲ, ಬಣ್ಣವೂ ಇಲ್ಲ. ಇರುವುದು ಉಜ್ಜಿದ ಕೈ ಮಾತ್ರ.

ಮರ ಈ ಎರಡರಲ್ಲಿ ಮರಳುಗಲ್ಲಿನ ಜಾತಿಗೆ ಸೇರಿದ್ದು. ಮರ ಬದುಕಿದ್ದಾಗ ನೀರು ಹರಿಯುತ್ತಿದ್ದ ನಾಳಗಳೇ ಕಡಿದ ಮೇಲೆ ಸೂಕ್ಷ್ಮ ರಂಧ್ರಗಳಾಗಿ ಉಳಿಯುತ್ತವೆ. ಆ ರಂಧ್ರಗಳನ್ನು ತುಂಬದೆ ಹೊಳಪಿಲ್ಲ. ತುಂಬುವುದಕ್ಕೆ ಒಂದು ಅಂಟು ಬೇಕು. ತುಂಬಿದ ಮೇಲೆ ಉಜ್ಜಲು ಕೈ ಬೇಕು. ಮರದ ಹೊಳಪಿನ ಚರಿತ್ರೆ ಎಂದರೆ ಈ ಅಂಟು ಬದಲಾಗುತ್ತಾ ಬಂದ ಕಥೆ.

ವಜ್ರಲೇಪ ಎಂಬ ಅಂಟು

ಬಾದಾಮಿಯ ಗುಹೆಗಳು ಮೂಡಿದ ಆರನೆಯ ಶತಮಾನದಲ್ಲಿಯೇ ವರಾಹಮಿಹಿರನು ತನ್ನ ‘ಬೃಹತ್ಸಂಹಿತೆ’ಯಲ್ಲಿ ಅಂಟಿಗಾಗಿಯೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾನೆ. ಅದರ ಹೆಸರು ವಜ್ರಲೇಪ. ಎಳೆಯ ಬೇಲದ ಕಾಯಿ, ಬೂರುಗದ ಹೂವು ಮೊದಲಾದವನ್ನು ನೀರಿನಲ್ಲಿ ಕುದಿಸಿ, ಎಂಟರಲ್ಲಿ ಒಂದು ಪಾಲಿಗೆ ಇಳಿಸಿ, ಅದಕ್ಕೆ ಗುಗ್ಗುಳ ಮುಂತಾದ ಮರದ ಅಂಟುಗಳನ್ನು ಬೆರೆಸುವ ವಿಧಾನ ಅಲ್ಲಿದೆ. ಅರಗು ಸೇರಿಸಿ ಮಾಡುವ ಇನ್ನೊಂದು ಪಾಕವೂ ಇದೆ. ದೇವಾಲಯ, ವಿಗ್ರಹ, ಗೋಡೆಗಳಿಗೆ ಬಿಸಿಯಾಗಿ ಹಚ್ಚಲು ಇದು.

ಇಟಗಿಯ ಗುಡಿ ಎದ್ದ ಎರಡು ದಶಕದೊಳಗೆ, 1130ರ ಸುಮಾರಿಗೆ, ಕಲ್ಯಾಣದ ಅರಸ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದ. ಅರಸನೊಬ್ಬ ತಿಳಿದಿರಬೇಕಾದ ಎಲ್ಲ ವಿಷಯಗಳ ಕೋಶ ಅದು. ಅದರ ಚಿತ್ರಕಲೆಯ ಭಾಗದಲ್ಲಿಯೂ ವಜ್ರಲೇಪ ಬರುತ್ತದೆ. ಆದರೆ ಇಲ್ಲಿ ಅದು ಎಮ್ಮೆಯ ಚರ್ಮದಿಂದ ಮಾಡಿದ್ದು. ಹಸಿ ಚರ್ಮವನ್ನು ಬೆಣ್ಣೆಯಂತೆ ಮೆತ್ತಗಾಗುವವರೆಗೆ ಬೇಯಿಸಿ, ಕಡ್ಡಿಗಳಾಗಿ ಮಾಡಿ ಬಿಸಿಲಿಗೆ ಒಣಗಿಸಿಡಬೇಕು. ಬೇಕೆನಿಸಿದಾಗ ಬಿಸಿನೀರಿನಲ್ಲಿ ಕರಗಿಸಿ ಬಣ್ಣಕ್ಕೆ ಬೆರೆಸಬೇಕು. ಮೊನ್ನೆಮೊನ್ನೆಯವರೆಗೂ ಬಡಗಿಗಳು ಕಾಯಿಸಿ ಬಳಸುತ್ತಿದ್ದ ‘ಸರೇಸು’ ಇದೇ ಕುಲದ್ದು.

ಚಿನ್ನದ ಬಣ್ಣದ ಬಗ್ಗೆ ಸೋಮೇಶ್ವರ ಹೇಳುವುದು ಇನ್ನೂ ಮುಖ್ಯವಾದದ್ದು. ಚಿನ್ನವನ್ನು ಕಲ್ಲಿನ ಮೇಲೆ ಅರೆದು, ನೀರಿನಲ್ಲಿ ತೊಳೆದು, ವಜ್ರಲೇಪದೊಂದಿಗೆ ಕೂಡಿಸಿ ಕುಂಚದಿಂದ ಹಚ್ಚಬೇಕು. ಹಚ್ಚಿದಾಗ ಅದು ಮಂಕಾಗಿಯೇ ಇರುತ್ತದೆ. ಒಣಗಿದ ಮೇಲೆ ಹಂದಿಯ ಕೋರೆಹಲ್ಲಿನಿಂದ ಮೆಲ್ಲಮೆಲ್ಲಗೆ ಉಜ್ಜಿದಾಗ ಮಾತ್ರ ಕಾಂತಿ ಬರುತ್ತದೆ. ಅಂದರೆ ಚಿನ್ನವೇ ಆದರೂ ಉಜ್ಜದೆ ಹೊಳೆಯದು!

ಹುಣಸೆ ಬೀಜದ ಮಹಿಮೆ

ಅರಸನ ಗ್ರಂಥದಲ್ಲಿ ಎಮ್ಮೆಯ ಚರ್ಮವಿದ್ದರೆ ಜನಸಾಮಾನ್ಯರ ಮನೆಯಲ್ಲಿ ಹುಣಸೆ ಬೀಜವಿತ್ತು. ಬೀಜವನ್ನು ಹುರಿದು ಸಿಪ್ಪೆ ತೆಗೆದು, ನೆನೆಸಿ ಅರೆದು ಕಾಯಿಸಿದರೆ ಗಟ್ಟಿ ಸರಿ ಸಿಗುತ್ತದೆ. ಕುರುಬರ ಕಂಬಳಿಯ ಹಾಸಿಗೆ ಬಿರುಸು ಕೊಡುವುದು ಈ ಸರಿಯೇ. ಕಾಗದ ದುಬಾರಿಯಾಗಿದ್ದ ಕಾಲದಲ್ಲಿ ಲೆಕ್ಕ ಬರೆಯಲು ಬಳಸುತ್ತಿದ್ದ ‘ಕಡತ’ವೂ ಇದರಿಂದಲೇ ಆದದ್ದು. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದರೆ ಅಳಿಸಿ ಮತ್ತೆ ಬರೆಯುತ್ತಿದ್ದರು. ಇಂದು ಸರಕಾರಿ ಕಚೇರಿಯ ಫೈಲಿಗೆ ನಾವು ಕಡತ ಎನ್ನುವುದು ಆ ಕರಿಬಟ್ಟೆಯ ನೆನಪಿನಲ್ಲಿ. ಬರೆಯುವ ವಸ್ತುವಿಗೂ ಅಂಟಿಗೂ ಇರುವ ನಂಟು ಪೆನ್ನಿನಿಂದ ಶುರುವಾದದ್ದಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

ಮರದ ಮೇಲೆ ಈ ಅಂಟು ಏನು ಮಾಡಬಲ್ಲದು ಎಂಬುದನ್ನು ನೋಡಲು ಇಳಕಲ್ಲಿನಿಂದ ಕುಷ್ಟಗಿ ದಾಟಿ ಕೊಪ್ಪಳದತ್ತ ಹೋಗಬೇಕು. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಹಗುರ ಮರದಿಂದ ದೇವರ ಮೂರ್ತಿ, ಬೊಂಬೆ, ಪಾಲಕಿಗಳನ್ನು ಮಾಡುತ್ತಾರೆ. ಹಂಪಿಯ ವಿರೂಪಾಕ್ಷ ಗುಡಿಯ ಮಂಟಪದ ಚಿತ್ರಗಳನ್ನು ಬರೆದವರು ಇವರ ಪೂರ್ವಿಕರೇ ಎಂಬ ಪ್ರತೀತಿ ಇದೆ.

ಇವರ ಕೆಲಸ ಪದರ ಪದರವಾಗಿ ಸಾಗುತ್ತದೆ. ಕೆತ್ತಿದ ಭಾಗಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ. ನೆನೆಸಿ ಒಣಗಿಸಿ ಪುಡಿ ಮಾಡಿದ ಗೋಣಿಯ ನಾರು, ಮರದ ಹೊಟ್ಟು ಮತ್ತು ಅದೇ ಅಂಟನ್ನು ಕಲಸಿ ‘ಕಿಟ್ಟ’ ಮಾಡಿ ಮೈತುಂಬ ಮೆತ್ತುತ್ತಾರೆ. ಅದರ ಮೇಲೆ ಹತ್ತಿ ಬಟ್ಟೆಯ ತುಣುಕುಗಳು, ಅದರ ಮೇಲೆ ಕಲ್ಲಿನ ಪುಡಿಯ ಲೇಪ, ಕೊನೆಗೆ ಬಣ್ಣ. ಒಂದೊಂದು ಪದರವೂ ಒಣಗಬೇಕು, ಒಣಗಿದ್ದನ್ನು ಉಜ್ಜಿ ನಯ ಮಾಡಬೇಕು. ಒಡವೆಗಳಿಗೆ ಹೊಳಪು ಕೊಡಲು ‘ಲಜವಾರ’ ಎಂಬ ವಿಧಾನವಿದೆ. ತವರವನ್ನು ಅಂಟಿನೊಡನೆ ನುಣ್ಣಗೆ ಅರೆದು ಹಚ್ಚಿ, ಒಣಗಿದ ಮೇಲೆ ಉಜ್ಜಿದಾಗ ಬೆಳ್ಳಿಯ ಹೊಳಪು ಬರುತ್ತದೆ. ಸೋಮೇಶ್ವರ ಚಿನ್ನಕ್ಕೆ ಹೇಳಿದ್ದನ್ನು ಕಿನ್ನಾಳದವರು ತವರಕ್ಕೆ ಮಾಡುತ್ತಾರೆ. ಅರಮನೆಯ ವಿದ್ಯೆ ಬಡವರ ಲೋಹಕ್ಕೆ ಇಳಿದು ಬಂದಂತಿದೆ.

ಅರಗಿನ ಮನೆಯಿಂದ ಅರಗಿನ ತಟ್ಟೆಯವರೆಗೆ

ಹುಣಸೆ ಅಂಟಿಗೆ ಒಂದು ದೋಷವಿದೆ. ನೀರು ಕುಡಿದರೆ ಸಡಿಲವಾಗುತ್ತದೆ. ಕೈಯಲ್ಲಿ ಹಿಡಿದಾಡುವ, ಮಕ್ಕಳು ಬಾಯಿಗಿಡುವ ವಸ್ತುಗಳಿಗೆ ನೀರಿಗೆ ಕರಗದ ಲೇಪ ಬೇಕು. ಅದೇ ಅರಗು.

ಮುತ್ತುಗ, ಬೋರೆ, ಸಾಗಡೆ ಮರಗಳ ಎಳೆ ಕೊಂಬೆಗಳಿಗೆ ಕಚ್ಚಿಕೊಂಡು ರಸ ಹೀರುವ ಪುಟ್ಟ ಕೀಟವೊಂದು ತನ್ನ ರಕ್ಷಣೆಗೆ ಸ್ರವಿಸುವ ರಾಳವೇ ಅರಗು. ಮಹಾಭಾರತದ ಅರಗಿನ ಮನೆಯಿಂದಾಗಿ ಅದು ಬೇಗ ಹೊತ್ತಿಕೊಳ್ಳುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಸುಮಾರು 70 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಮೆತ್ತಗಾಗಿ, ತಣಿದರೆ ಮತ್ತೆ ಗಟ್ಟಿಯಾಗುವುದು ಅದರ ಇನ್ನೊಂದು ಗುಣ. ಚನ್ನಪಟ್ಟಣದ ಗೊಂಬೆಯ ಗುಟ್ಟು ಇಲ್ಲಿದೆ. ಆಲೆ ಮರದ ತುಂಡನ್ನು ಚರಕಿಯಲ್ಲಿ ಕಡೆದು, ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬಳಿಕ ತಾಳೆಗರಿ ಎನ್ನುವ ಒಣ ಎಲೆಯ ಪಟ್ಟಿಯನ್ನು ಒತ್ತಿ ಹಿಡಿದರೆ ಬಣ್ಣ ಸಮನಾಗಿ ಹರಡಿ ಮಿರುಗುತ್ತದೆ. ಕುಂಚವಿಲ್ಲ, ಎಣ್ಣೆಯಿಲ್ಲ, ಒಣಗಲು ಕಾಯುವ ಗೋಜಿಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಿಗಳಿಂದ ಈ ಕಲೆ ಬೆಳೆಯಿತೆಂಬ ಮಾತು ಪ್ರಚಲಿತವಾಗಿದೆ.

ಉತ್ತರ ಕರ್ನಾಟಕದಲ್ಲಿ ಅರಗಿನ ಹೆಸರು ಹೇಳಿದರೆ ಮೊದಲು ನೆನಪಾಗುವುದು ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲು. ಇಳಕಲ್ಲಿನ ಸೀರೆ ಉಟ್ಟ ಬಾಣಂತಿ, ಕಲಘಟಗಿಯ ತೊಟ್ಟಿಲಲ್ಲಿ ಕೂಸು – ಇದು ಇಲ್ಲಿಯ ತವರಿನ ಸಿರಿವಂತಿಕೆಯ ಚಿತ್ರ. ಅರಗಿನ ಬಣ್ಣ ಹಚ್ಚಿ, ಕೃಷ್ಣನ ಬಾಲಲೀಲೆಯಂಥ ಚಿತ್ರ ಬರೆದ ಈ ತೊಟ್ಟಿಲುಗಳಲ್ಲಿ ಅಜ್ಜಿ ಮಲಗಿದ್ದರಲ್ಲಿಯೇ ಮೊಮ್ಮಗಳೂ ಮಲಗುವುದುಂಟು.

ಅರಗು ಹಾಡನ್ನೂ ಹೊತ್ತಿತ್ತು ಎಂಬುದು ಇನ್ನೊಂದು ಸಂಗತಿ. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಹಳೆಯ ಗ್ರಾಮಫೋನ್ ತಟ್ಟೆಗಳಲ್ಲಿ ಪುಡಿಗಳನ್ನು ಹಿಡಿದಿಡುತ್ತಿದ್ದ ಅಂಟು ಅರಗೇ. ಇದೇ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿ, 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶದ ಮನೆಮಾತಾದ ಅಮೀರಬಾಯಿ ಕರ್ನಾಟಕಿಯವರ ದನಿ ಮನೆಮನೆ ತಲುಪಿದ್ದು ಅರಗಿನ ತಟ್ಟೆಯ ಮೇಲೆ. ವಿನೈಲ್ ಪ್ಲಾಸ್ಟಿಕ್ಕಿನ ತಟ್ಟೆ ಬಂದ ಮೇಲೆ ಆ ಬೇಡಿಕೆ ಅಳಿಯಿತು. ಒಂದು ರಾಳದ ಜಾಗಕ್ಕೆ ಇನ್ನೊಂದು ಬರುವುದು ಹೀಗೆ.

ಬೇಡವೆಂದು ಬಿಸುಟ ಅಂಟು

ಇನ್ನು ಪೆನ್ನಿನ ಮಾತು. ಚನ್ನಪಟ್ಟಣದಲ್ಲಿ ಅರಗಿನ ಬಣ್ಣದ ಪೆನ್ನುಗಳೂ ಸಿದ್ಧವಾಗುತ್ತವೆ. ನೋಡಲು ಸೊಗಸು. ಆದರೆ ಪೆನ್ನಿನ ಬಾಳು ಗೊಂಬೆಯ ಬಾಳಿಗಿಂತ ಕಷ್ಟದ್ದು. ದಿನವೂ ಗಂಟೆಗಟ್ಟಲೆ ಬೆವರಿನ ಬೆರಳು, ಜೇಬಿನ ಬೀಗದ ಕೈಗಳ ತಿಕ್ಕಾಟ, ಬಿಸಿಲಿನಲ್ಲಿ ನಿಂತ ವಾಹನದ ಒಳಗಿನ ಕಾವು – ಇಷ್ಟನ್ನೂ ಅದು ತಾಳಬೇಕು. ಅರಗು ಬಿಸಿಗೆ ಮೆತ್ತಗಾಗುತ್ತದೆ. ನೀರು ನಿಂತರೆ ಬಿಳಿಚಿಕೊಳ್ಳುತ್ತದೆ. ಸ್ಪಿರಿಟ್ ತಾಗಿದರೆ ಕರಗುತ್ತದೆ. ಆಗ ಪೆನ್ನು ಕಡೆಯುವವರ ಕಣ್ಣಿಗೆ ಬಿದ್ದದ್ದು ಸೂಪರ್ ಗ್ಲೂ.

ಈ ಅಂಟಿನ ಹುಟ್ಟಿನ ಕಥೆ ಸ್ವಾರಸ್ಯಕರ. 1942ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಅಮೆರಿಕದ ಈಸ್ಟ್‌ಮನ್ ಕೊಡಾಕ್ ಕಂಪನಿಯ ಹ್ಯಾರಿ ಕೂವರ್ ಬಂದೂಕಿನ ಗುರಿಕಂಡಿಗಾಗಿ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದರು. ಸಯನೋಅಕ್ರಿಲೇಟ್ ಎಂಬ ದ್ರವ ಮುಟ್ಟಿದ್ದಕ್ಕೆಲ್ಲ ಅಂಟಿಕೊಂಡು ರಗಳೆ ಮಾಡಿತು. ಬೇಡವೆಂದು ಬದಿಗಿಟ್ಟರು. 1951ರಲ್ಲಿ ಅವರ ತಂಡದ ಫ್ರೆಡ್ ಜಾಯ್ನರ್ ಅದೇ ದ್ರವದ ತೆಳು ಪದರವನ್ನು ಬೆಳಕು ಅಳೆಯುವ ಉಪಕರಣದ ಎರಡು ಗಾಜಿನ ಪಟ್ಟಕಗಳ ನಡುವೆ ಹರಡಿದಾಗ ಅವು ಬಿಡಿಸಲಾಗದಂತೆ ಅಂಟಿಕೊಂಡವು. ದೋಷವೇ ಗುಣ ಎಂದು ಆಗ ಹೊಳೆಯಿತು. 1958ರಲ್ಲಿ ‘ಈಸ್ಟ್‌ಮನ್ 910’ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಮುಂದೆ ವಿಯೆಟ್ನಾಂ ಯುದ್ಧದಲ್ಲಿ ಗಾಯದ ರಕ್ತ ನಿಲ್ಲಿಸಲೂ ಬಳಕೆಯಾಯಿತು. ಗುರಿಕಂಡಿಗೆ ಬೇಕಾಗಿದ್ದ ಪಾರದರ್ಶಕ ಗುಣವೇ ಇಂದು ಪೆನ್ನಿಗೆ ಗಾಜಿನ ಮೈ ಕೊಟ್ಟಿದೆ.

ಈ ಅಂಟು ಒಣಗುವುದು ನೀರು ಆರಿ ಅಲ್ಲ. ಗಾಳಿಯ ಮತ್ತು ಮರದ ಮೈಯ ತೇವ ತಾಗಿದೊಡನೆ ಅದರ ಅಣುಗಳು ಒಂದಕ್ಕೊಂದು ಸರಪಣಿಯಂತೆ ಹೆಣೆದುಕೊಂಡು ಗಟ್ಟಿ ಪ್ಲಾಸ್ಟಿಕ್ ಆಗುತ್ತವೆ. ಹುಣಸೆ ಅಂಟನ್ನು ಕೆಡಿಸುವ ತೇವವೇ ಇದನ್ನು ಗಟ್ಟಿಗೊಳಿಸುತ್ತದೆ. ಬಯಲುಸೀಮೆಯ ಬೇಸಿಗೆಯ ಒಣ ಹವೆಯಲ್ಲಿ ನಿಧಾನ, ಕರಾವಳಿಯ ಮಳೆಗಾಲದಲ್ಲಿ ಅವಸರ. ತೇವ ಅತಿಯಾದರೆ ಮೇಲೆ ಬಿಳಿಯ ಮಬ್ಬು ಕವಿಯುವುದೂ ಉಂಟು.

ಕೆಲಸದ ಕ್ರಮ ಹೀಗಿದೆ. ಮರದ ತುಂಡಿಗೆ ನಡುವೆ ತೂತು ಕೊರೆದು ಹಿತ್ತಾಳೆಯ ಕೊಳವೆ ಕೂರಿಸಿ, ಚರಕಿಯಲ್ಲಿ ಬೇಕಾದ ಆಕಾರಕ್ಕೆ ಕಡೆಯಬೇಕು. ಉಪ್ಪುಕಾಗದದಿಂದ ಉಜ್ಜಿ, ಧೂಳನ್ನೆಲ್ಲ ಒರೆಸಬೇಕು. ಸಾಗುವಾನಿ, ಬೀಟೆಯಂಥ ಎಣ್ಣೆಯಂಶದ ಮರವಾದರೆ ಅಸಿಟೋನ್‌ನಿಂದ ಒರೆಸದೆ ಅಂಟು ಹಿಡಿಯದು. ಕೂರಿಗೆ, ಚಕ್ಕಡಿಗಳಿಗೆ ಒದಗುವ ಗಟ್ಟಿ ಜಾಲಿಯೂ ಪೆನ್ನಿಗೆ ಆದೀತು. ಚರಕಿ ನಿಧಾನವಾಗಿ ತಿರುಗುತ್ತಿರುವಾಗ ಮಡಚಿದ ತೆಳು ಕಾಗದದ ಮೇಲೆ ಎರಡು ಹನಿ ಅಂಟು ಹಾಕಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಸರಾಗವಾಗಿ ಎಳೆಯಬೇಕು. ಅದು ಗಟ್ಟಿಯಾದ ಮೇಲೆ ಇನ್ನೊಂದು ಪದರ. ಹೀಗೆ ಎಂಟು, ಹತ್ತು ಪದರಗಳು. ಒಂದೇ ಸಲ ದಪ್ಪಗೆ ಬಳಿದರೆ ಒಳಗೆ ಹಸಿ ಉಳಿದು, ಏರುತಗ್ಗಾಗಿ ಕೆಲಸ ಕೆಡುತ್ತದೆ.

ಇಷ್ಟಾದರೂ ಪೆನ್ನು ಹೊಳೆಯುವುದಿಲ್ಲ! ನೀರು ಹಾಕಿ, ಒರಟಿನಿಂದ ನಯದತ್ತ ಹಂತಹಂತವಾಗಿ ಉಜ್ಜುತ್ತ ಹೋಗಬೇಕು. ಪ್ರತಿ ಹಂತವೂ ಹಿಂದಿನ ಹಂತದ ಗೀರುಗಳನ್ನು ಅಳಿಸಿ, ಅದಕ್ಕಿಂತ ಸಣ್ಣ ಗೀರು ಬಿಡುತ್ತದೆ. ಗೀರುಗಳು ಕಣ್ಣಿಗೆ ಕಾಣದಷ್ಟು ಸಣ್ಣವಾದಾಗ ಬೆಳಕು ಚದುರದೆ ನೇರವಾಗಿ ಮರಳುತ್ತದೆ. ಅದನ್ನೇ ನಾವು ಹೊಳಪು ಎನ್ನುತ್ತೇವೆ. ಇಟಗಿಯ ಕಂಬಕ್ಕೆ ಅನ್ವಯಿಸುವ ನಿಯಮವೇ ಇಲ್ಲಿಯದೂ.

ಯಾವುದಕ್ಕೆ ಯಾವ ಅಂಟು?

ಹಾಗಾದರೆ ಅರಗಿನ ಕಾಲ ಮುಗಿಯಿತೇ? ಇಲ್ಲ ಎನ್ನಲು ಬಲವಾದ ಕಾರಣವಿದೆ. ಸೂಪರ್ ಗ್ಲೂ ಗಟ್ಟಿಯಾಗುವಾಗ ಏಳುವ ಆವಿ ಕಣ್ಣು, ಮೂಗುಗಳನ್ನು ಉರಿಸುತ್ತದೆ. ಹತ್ತಿ ಬಟ್ಟೆಗೆ ಹೆಚ್ಚಾಗಿ ತಾಗಿದರೆ ಚರ್ಮ ಸುಡುವಷ್ಟು ಬಿಸಿ ಹುಟ್ಟುತ್ತದೆ. ಹಚ್ಚಲು ಬಟ್ಟೆ ಬಿಟ್ಟು ಕಾಗದ ಬಳಸುವುದು ಇದಕ್ಕಾಗಿ. ಉಜ್ಜುವಾಗ ಏಳುವ ಪ್ಲಾಸ್ಟಿಕ್ ಧೂಳು ಎದೆಗೆ ಒಳ್ಳೆಯದಲ್ಲ. ಗಾಳಿಯಾಡುವ ಜಾಗ, ಕನ್ನಡಕ, ಮೂಗಿಗೆ ಮುಸುಕು ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು. ಮನೆಯ ಪಡಸಾಲೆಯಲ್ಲಿ ಮಕ್ಕಳ ನಡುವೆ ಕೂತು ದುಡಿಯುವ ಕುಶಲಕರ್ಮಿಗೆ ಅರಗು ಒಡ್ಡದ ಅಪಾಯ ಇದು.

ಬೊಂಬೆ, ತೊಟ್ಟಿಲುಗಳ ವಿಷಯದಲ್ಲಿ ಮಾತು ಇನ್ನೂ ಗಂಭೀರ. ಅಗ್ಗದ ಹೊಳೆಯುವ ಬಣ್ಣಗಳಲ್ಲಿ ಸೀಸ ಬೆರೆಯುವುದುಂಟು. ಅದು ಮಕ್ಕಳ ಮಿದುಳಿನ ಬೆಳವಣಿಗೆಗೆ ಕೇಡು. ಸೀಸದ ಬಣ್ಣದ ಕಾರಣಕ್ಕೆ 2007ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿ ಚೀನಾದಲ್ಲಿ ತಯಾರಾದ ಲಕ್ಷಗಟ್ಟಲೆ ಆಟಿಕೆಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಭಾರತದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಆಟಿಕೆಗಳಿಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯವಾಯಿತು. ನೋಂದಾಯಿತ ಕರಕುಶಲಕರ್ಮಿಗಳಿಗೆ ವಿನಾಯಿತಿ ಸಿಕ್ಕಿತು. ಆ ವಿನಾಯಿತಿಯ ಹಿಂದೆ ಒಂದು ನಂಬಿಕೆಯಿದೆ: ಕೈಕಸುಬಿನವರು ಅರಗು, ಅರಿಸಿನದಂಥ ನಿರಪಾಯ ವಸ್ತುಗಳನ್ನು ಬಳಸುತ್ತಾರೆಂಬ ನಂಬಿಕೆ. ದುಡ್ಡು ಉಳಿಸಲು ಅವರೂ ಪೇಟೆಯ ಡಬ್ಬಿ ಬಣ್ಣಕ್ಕೆ ಕೈಹಾಕಿದರೆ ಆ ನಂಬಿಕೆ ಒಡೆಯುತ್ತದೆ. ಒಡೆದ ನಂಬಿಕೆಯನ್ನು ಯಾವ ಸೂಪರ್ ಗ್ಲೂ ಕೂಡಿಸೀತು?

ಆದ್ದರಿಂದ ಹೊಸ ಅಂಟು, ಹಳೆಯ ಅಂಟು ಎಂಬ ಜಗಳ ವ್ಯರ್ಥ. ದೊಡ್ಡವರ ಬೆವರುಗೈಯ ಪೆನ್ನಿಗೆ ಒಂದು, ಕೂಸಿನ ಬಾಯಿಗೆ ಹೋಗುವ ಗಿಲಕಿಗೆ ಇನ್ನೊಂದು, ಗೂಡಿನಲ್ಲಿ ನಿಲ್ಲುವ ದೇವರ ಮೂರ್ತಿಗೆ ಮತ್ತೊಂದು. ಅಂಟನ್ನು ಅಂಗಡಿಯಿಂದ ತರಬಹುದು. ಎಷ್ಟು ತೆಳುವಾಗಿ ಹಚ್ಚಬೇಕು, ಎಷ್ಟು ಹೊತ್ತು ಕಾಯಬೇಕು, ಉಜ್ಜುವುದನ್ನು ಯಾವಾಗ ನಿಲ್ಲಿಸಬೇಕು ಎಂಬ ಅರಿವು ಮಾತ್ರ ಅಂಗಡಿಯಲ್ಲಿ ಸಿಗದು. ಅದು ಕಿನ್ನಾಳ, ಕಲಘಟಗಿಗಳ ಕೆಲವೇ ಮನೆತನಗಳ ಬೆರಳುಗಳಲ್ಲಿದೆ. ಆ ಮನೆಯ ಮಕ್ಕಳು ಬೇರೆ ಉದ್ಯೋಗಕ್ಕೆ ಹೋದರೆ ಪುಸ್ತಕ ಓದಿ ಅದನ್ನು ಮರಳಿ ಪಡೆಯುವುದು ಸುಲಭವಲ್ಲ.

ಇಳಕಲ್ಲಿನ ಮಗ್ಗದಲ್ಲಿ ವರ್ಷಗಟ್ಟಲೆ ಓಡಾಡಿದ ಮರದ ಲಾಳಿಯನ್ನು ಕೈಗೆತ್ತಿಕೊಂಡರೆ ಇದು ತಾನಾಗಿ ಮನವರಿಕೆಯಾಗುತ್ತದೆ. ಅದಕ್ಕೆ ಯಾರೂ ಹೊಳಪಿಗೆಂದು ಕೂತು ಲೇಪ ಬಳಿಯುವುದಿಲ್ಲ. ನೂಲಿನ ತಿಕ್ಕಾಟ, ನೇಕಾರನ ಬೆರಳು – ಇಷ್ಟೇ. ಆದರೂ ಅದು ಮಿರುಗುತ್ತದೆ.